ಡೆಬಿಯನ್ ಸೈಟಿನಲ್ಲಿ ಸರಿಯಾದ ಫೈಲ್ ಹುಡುಕೋದು ಹೇಗೆ

ಡೆಬಿಯನ್ ತುಂಬಾ ಒಳ್ಳೆಯ ಆಪರೇಟಿಂಗ್ ಸಿಸ್ಟಮ್. ಆದರೆ ಅದರ ವೆಬ್‌ಸೈಟ್ ಹೊಸಬರಿಗೆ ಸುಲಭವಲ್ಲ, ಓದುವವರಿಗೆ ಎಲ್ಲಾ ಮೊದಲೇ ಗೊತ್ತು ಅನ್ನುವ ಹಾಗೆ ಬರೆದಿರುತ್ತಾರೆ.

ಮುಖಪುಟದ ಡೌನ್‌ಲೋಡ್ ಬಟನ್ ಒತ್ತಿದರೆ ಸಿಗುವುದು ನೆಟ್‌ಇನ್‌ಸ್ಟ್ ಇಮೇಜ್ (ಇಮೇಜ್ ಅಂದರೆ ಪೆನ್‌ಡ್ರೈವ್‌ಗೆ ಬರೆದು ಇನ್‌ಸ್ಟಾಲ್ ಮಾಡುವ ಫೈಲ್). ಅದು ಚಿಕ್ಕ ಫೈಲ್, ಉಳಿದದ್ದನ್ನು ಇನ್‌ಸ್ಟಾಲ್ ಮಾಡುವಾಗ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ನಿಮ್ಮ ನೆಟ್ ಆಗಾಗ ಕೈಕೊಡುತ್ತಿದ್ದರೆ, ಅಥವಾ ಮೊದಲು ಪೆನ್‌ಡ್ರೈವ್‌ನಿಂದ ಸುಮ್ನೆ ಓಡಿಸಿ ನೋಡೋಣ ಅಂತಿದ್ದರೆ, ಆ ಬಟನ್ ಬಿಟ್ಟು ಇತರ ಡೌನ್‌ಲೋಡ್‌ಗಳ ಪುಟಕ್ಕೆ ಹೋಗಿ ಲೈವ್ ಇಮೇಜ್ ತಗೊಳ್ಳಿ. ಫೈಲ್ ಹೆಸರಿನಲ್ಲಿ ಎಎಂಡಿ64 ಅಂತಿದ್ದರೆ ಗಾಬರಿ ಬೇಡ, 64 ಬಿಟ್ ಇಂಟೆಲ್ ಲ್ಯಾಪ್‌ಟಾಪ್‌ಗೂ ಅದೇ.

ಜಾಸ್ತಿ ಜನ ದಾರಿ ತಪ್ಪುವುದು ವೈಫೈ ವಿಷಯದಲ್ಲಿ. ವೈಫೈ ಕೆಲಸ ಮಾಡಲು ಹಲವು ಲ್ಯಾಪ್‌ಟಾಪ್‌ಗಳಿಗೆ ಫರ್ಮ್‌ವೇರ್, ಅಂದರೆ ಆ ಯಂತ್ರಭಾಗವನ್ನು ನಡೆಸುವ ಚಿಕ್ಕ ಸಾಫ್ಟ್‌ವೇರ್ ಬೇಕು. ಮೊದಲೆಲ್ಲಾ ಅದನ್ನು ಸೇರಿಸಿದ ಅನಧಿಕೃತ ಇಮೇಜನ್ನು ಬೇರೆ ಕಡೆ ಹುಡುಕಬೇಕಿತ್ತು. ಹೊಸಬರಿಗೆ ಅದು ನಿಜಕ್ಕೂ ಅನ್ಯಾಯ, ಅಲ್ವಾ? 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಅಧಿಕೃತ ಇಮೇಜ್‌ನಲ್ಲೇ ಇದೆ. ಆದ್ದರಿಂದ ಯಾವುದೇ ಸೂಚನೆ ಪಾಲಿಸುವ ಮೊದಲು ಅದು ಯಾವ ಆವೃತ್ತಿಗೆ ಬರೆದದ್ದು ಅಂತ ನೋಡಿ. 12ಕ್ಕಿಂತ ಹಳೆಯದಾದರೆ ಫರ್ಮ್‌ವೇರ್ ಭಾಗ ಬಿಟ್ಟುಬಿಡಿ.

ಸೈಟಿನಲ್ಲಿ ಏನಾದರೂ ಅರ್ಥವಾಗದಿದ್ದರೆ ದಯವಿಟ್ಟು ಡೆಬಿಯನ್‌ನವರಿಗೆ ತಿಳಿಸಿ. ಹಳಬರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಡೆಬಿಯನ್‌ನಲ್ಲಿ ಇದಕ್ಕೆ ಫಾರಂ ತುಂಬುವ ಪದ್ಧತಿ ಇಲ್ಲ, ದೋಷ ವರದಿಯನ್ನು ಇಮೇಲ್‌ನಲ್ಲೇ ಕಳಿಸಬೇಕು. ಯಾವ ಪುಟ, ಏನು ಹುಡುಕುತ್ತಿದ್ದಿರಿ, ಎಲ್ಲಿ ನಿಂತುಹೋಯಿತು, ಇಷ್ಟು ಬರೆದರೆ ಸಾಕು. ಆ ಇಮೇಲ್ ಎಲ್ಲರಿಗೂ ಕಾಣುತ್ತದೆ, ಫೋನ್ ನಂಬರ್ ಹಾಕಬೇಡಿ.