ಬೆರಳು ತೆಗೀಬೇಕು ಅಂದ್ರಾ? ಮೊದಲು ಕಾಲಿನ ರಕ್ತನಾಳ ತೋರಿಸಿ

ನಮ್ಮ ಕಡೆ ಶುಗರ್ ಇದ್ದೋರ ಕಾಲ್ಬೆರಳಲ್ಲಿ ಹುಣ್ಣಾದ್ರೆ ಡ್ರೆಸಿಂಗ್ ಮಾಡಿಸ್ತಾ ಮಾಡಿಸ್ತಾ ತಿಂಗಳು ಕಳೀತದೆ, ಆಮೇಲೆ ಒಂದಿನ ಬೆರಳು ಕಪ್ಪಾಯ್ತು ತೆಗೀಬೇಕು ಅಂತಾರೆ. ಅಲ್ಲಿಗೆ ರಕ್ತ ಹೋಗ್ತಾ ಇದ್ಯಾ ಅಂತ ಮಾತ್ರ ಕೇಳೋರು ಕಡಿಮೆ. ರಕ್ತನೇ ಹೋಗದಿದ್ರೆ ಹುಣ್ಣೂ ಮಾಯೋದಿಲ್ಲ, ಬೆರಳು ತೆಗೆದ ಗಾಯವೂ ಮಾಯೋದಿಲ್ಲ. ಕಟ್ಟಿದ ನಾಳವನ್ನ ಬಲೂನಿಂದ ತೆರೆಯೋ ಆಂಜಿಯೋಪ್ಲಾಸ್ಟಿ ಕಾಲಿಗೂ ಇದೆ, ಅದರ ಹಂತಗಳು ಇಲ್ಲಿವೆ. (ಕೀವು ತುಂಬಿ ಜ್ವರ ಬಂದಿದ್ರೆ ಕಾಯ್ಬೇಡಿ, ಮೊದಲು ಕೀವು ತೆಗೆಸಿ.)

ಮೊದಲ ಹಂತ ಪರೀಕ್ಷೆ. ತೋಟದ ದರೆ ಹತ್ತುವಾಗ ಮೀನಖಂಡ ಹಿಡ್ಕೊಂಡು, ಸ್ವಲ್ಪ ನಿಂತ್ರೆ ಬಿಡ್ತದೆ ಅಂದ್ರೆ ಅನುಮಾನ ಪಡಿ, ಆದ್ರೆ ಶುಗರಿಂದ ನರ ಸತ್ತೋರಿಗೆ ಈ ನೋವೂ ಗೊತ್ತಾಗೋದಿಲ್ಲ. ಪಾದದ ಹತ್ರದ ಬಿಪಿಯನ್ನ ಕೈ ಬಿಪಿಯಿಂದ ಭಾಗಿಸ್ತಾರೆ, 0.9 ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ಬ್ಲಾಕ್ ಇದೆ ಅಂತ. ಹಳೇ ಶುಗರಲ್ಲಿ ನಾಳ ಸುಣ್ಣಗಟ್ಟಿ ನಂಬರ್ ಸುಳ್ಳೇ ಚೆನ್ನಾಗಿ ಬರ್ತದೆ, ಅದಕ್ಕೇ ನಾಳದಲ್ಲಿ ರಕ್ತ ಹರಿಯೋದನ್ನ ನೋಡೋ ಡಾಪ್ಲರ್ ಸ್ಕ್ಯಾನ್ ಕೂಡ ಮಾಡಿಸಿ.

ಆಮೇಲೆ ಎಲ್ಲಿಗೆ ಹೋಗೋದು? ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ನಮ್ಮ ಉತ್ತರ ಕನ್ನಡ ಜಿಲ್ಲೆಯೋರು ಕೂಗಿ ಕೂಗಿ ಸಾಕಾಯ್ತು, ಕಾರವಾರದೋರು ಗೋವಾಕ್ಕೋ ಮಣಿಪಾಲಕ್ಕೋ, ಶಿರಸಿಯೋರು ಹುಬ್ಬಳ್ಳಿಗೋ ಹೋಗೋದು ಇದ್ದದ್ದೇ. ಹೊರಡೋ ಮುಂಚೆ ಫೋನ್ ಮಾಡಿ, ವ್ಯಾಸ್ಕುಲರ್ (ರಕ್ತನಾಳದ) ಡಾಕ್ಟ್ರು ಇದ್ದಾರಾ, ಮೊಣಕಾಲಿನ ಕೆಳಗಿನ ಆಂಜಿಯೋಪ್ಲಾಸ್ಟಿ ಮಾಡ್ತಾರಾ, ಆಯುಷ್ಮಾನ್ ಕಾರ್ಡ್ ನಡೀತದಾ, ರೆಫರಲ್ ಚೀಟಿ ಬೇಕಾ ಅಂತ ಕೇಳ್ಕೊಳ್ಳಿ. ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿರ್ಲಿ, ನಾಳ ಎಕ್ಸ್‌ರೇಲಿ ಕಾಣೋಕೆ ಬಿಡೋ ಡೈ ಕಿಡ್ನಿಗೆ ಭಾರ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಯಾವಾಗ ನಿಲ್ಸೋದು ಅಂತ ಅವರನ್ನೇ ಕೇಳಿ.

ಇನ್ನು ಕ್ಯಾಥ್ ಲ್ಯಾಬ್, ಅಂದ್ರೆ ಆಂಜಿಯೋಪ್ಲಾಸ್ಟಿ ಮಾಡೋ ಕೋಣೆ. ಸಾಮಾನ್ಯವಾಗಿ ಪೂರ್ತಿ ಅನಸ್ತೇಶಿಯಾ ಬೇಕಾಗೋದಿಲ್ಲ, ತೊಡೆಸಂದಿಗೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಸಣ್ಣ ನಳಿಕೆ ಹಾಕ್ತಾರೆ. ಡೈ ಬಿಟ್ಟಾಗ ಕಾಲಿಡೀ ಬಿಸಿಬಿಸಿ ಹರಿದಂಗಾಗ್ತದೆ, ಗಾಬರಿ ಬೇಡ. ಮೀನಖಂಡದಲ್ಲಿ ಮೂರು ಮುಖ್ಯ ನಾಳ. ಅರ್ಧ ಮಿಲಿಮೀಟರಿಗಿಂತ ತೆಳು ವೈರನ್ನ ಡಾಕ್ಟ್ರು ಬೆರಳಲ್ಲಿ ತಿರುಗಿಸ್ತಾ ತಿರುಗಿಸ್ತಾ ಬ್ಲಾಕಿನೊಳಗೆ ನುಗ್ಗಿಸ್ತಾರೆ, ಹೆಚ್ಚು ಹೊತ್ತು ಹಿಡಿಯೋದು ಇಲ್ಲೇ, ಮೇಲಿಂದ ಆಗದಿದ್ರೆ ಕೆಲವು ಸಲ ಪಾದದ ಕಡೆಯಿಂದ ಇನ್ನೊಂದು ಸೂಜಿ ಹಾಕಿ ಬರ್ತಾರೆ. ವೈರ್ ದಾಟಿದ್ರೆ ಅದರ ಮೇಲೇ ಎರಡು-ಮೂರು ಮಿಲಿಮೀಟರ್ ಅಗಲದ ಬಲೂನ್ ಕಳ್ಸಿ ಕೆಲವು ನಿಮಿಷ ಉಬ್ಬಿಸಿಡ್ತಾರೆ, ಆಗ ಪಾದ ಸೆಳೀತದೆ. ಹೃದಯದ ಹಾಗೆ ಇಲ್ಲಿ ಎಲ್ಲರಿಗೂ ಸ್ಟೆಂಟ್ (ನಾಳ ತೆರೆದಿಡೋ ಜಾಲರಿ ಕೊಳವೆ) ಹಾಕೋದಿಲ್ಲ. ಒಂದೇ ನಾಳ ಪಾದದ ತನಕ ತೆರೆದ್ರೂ ಎಷ್ಟೋ ಸಲ ಹುಣ್ಣು ಮಾಯ್ತದೆ.

ಇದೇನು ಹೃದಯದಿಂದ ಕಾಲಿಗೆ ಬಂದ ಚಿಕಿತ್ಸೆ ಅಲ್ಲ ಮತ್ತೆ. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಲ್ಲಿ ಚಾರ್ಲ್ಸ್ ಡಾಟರ್ ಅನ್ನೋ ಡಾಕ್ಟ್ರು ಮೊದಲು ಮಾಡಿದ್ದೇ ಕಾಲಿಗೆ, ಕಾಲು ತೆಗೆಸೋದಿಲ್ಲ ಅಂತ ಹಟ ಹಿಡಿದ 82ರ ಅಜ್ಜಿಗೆ. ಹೃದಯದ ಬಲೂನ್ ಬಂದಿದ್ದು 1977ಕ್ಕೆ.

ಮುಗಿದ್ಮೇಲೆ ಕೆಲವು ತಾಸು ಕಾಲು ಮಡಚದೆ ಮಲಗ್ಬೇಕು. ತೊಡೆಸಂದಿ ಊದಿದ್ರೆ ತಕ್ಷಣ ಸಿಸ್ಟರ್‌ಗೆ ಹೇಳಿ. ರಕ್ತ ತೆಳು ಮಾಡೋ ಮಾತ್ರೆ ನೀವಾಗೇ ಬಿಡ್ಬೇಡಿ. ಬೀಡಿ, ತಂಬಾಕಿನ ಕವಳ ಬಿಡದಿದ್ರೆ ಮಾಡಿಸಿದ್ದು ದಂಡ. ಬಿಟ್ಟರೂ ಈ ಸಣ್ಣ ನಾಳ ವರ್ಷದೊಳಗೆ ಮತ್ತೆ ಕಟ್ಟೋದು ಸಾಮಾನ್ಯ, ಅಷ್ಟರಲ್ಲಿ ಹುಣ್ಣು ಮಾಯ್ಸಿಕೊಳ್ಳೋದೇ ಲೆಕ್ಕಾಚಾರ. ತೋಟಕ್ಕೆ ಬರಿಗಾಲಲ್ಲಿ ಇಳೀಬೇಡಿ.

ಕಾಲು ಏಕಾಏಕಿ ತಣ್ಣಗಾಗಿ ಬಿಳಚಿ ಜೋಮು ಹಿಡಿದ್ರೆ ಮೇಲಿನ ಯಾವ ಹಂತಕ್ಕೂ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ, ಸುಮಾರು ಆರು ತಾಸೊಳಗೆ ರಕ್ತ ವಾಪಸ್ ಹರೀಬೇಕು, ಘಾಟ್ ಇಳಿಯೋ ಹೊತ್ತೂ ಅದರಲ್ಲೇ ಸೇರ್ತದೆ.