ಪವರ್ ಬರೆಯುವ ಮೊದಲು ಕೈ ಎಲ್ಲಿದೆ ನೋಡುತ್ತೇನೆ

ಉಡುಪಿಯ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ನಾನು ಆಪ್ಟೊಮೆಟ್ರಿಸ್ಟ್. ಡಾಕ್ಟರನ್ನು ಕಾಣುವ ಮೊದಲು ನಿಮ್ಮನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಫ್ರೇಮ್ ಇಟ್ಟು, "ಇದು ಚೆಂದ ಕಾಣ್ತದಾ, ಅದಾ?" ಅಂತ ಕೇಳುವವರು ಇರ್ತಾರಲ್ಲ, ಅದು ನಾವು. ಜನ ನಮ್ಮನ್ನೂ ಡಾಕ್ಟ್ರೇ ಅಂತಲೇ ಕರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಈಗ ಸುಮ್ಮನಿದ್ದೇನೆ.

ನಲವತ್ತು ದಾಟಿ ಬರುವವರಲ್ಲಿ ಹೆಚ್ಚಿನವರ ಮಾತು ಒಂದೇ. "ದೂರದ್ದು ಎಲ್ಲ ಸರಿ ಉಂಟು, ಹತ್ತಿರದ್ದು ಮಾತ್ರ ಸ್ವಲ್ಪ ಮಂಜು." ಕಣ್ಣೊಳಗಿನ ಮಸೂರ ವಯಸ್ಸಾದಂತೆ ಗಟ್ಟಿಯಾಗುತ್ತದೆ. ಹತ್ತಿರದ್ದನ್ನು ನೋಡಲು ಎಷ್ಟು ಉಬ್ಬಬೇಕೋ ಅಷ್ಟು ಉಬ್ಬುವುದಿಲ್ಲ. ಇದು ಯಾರನ್ನೂ ಬಿಡುವುದಿಲ್ಲ. ಹಾಗಾಗಿ ವಯಸ್ಸು ಕೇಳಿಯೇ ಪವರ್ ಅಂದಾಜು ಹೇಳಿಬಿಡಬಹುದು. 45ಕ್ಕೆ ಪ್ಲಸ್ ಒಂದು, ಒಂದೂಕಾಲು. 50ರ ಆಸುಪಾಸಿನಲ್ಲಿ ಎರಡರ ಹತ್ತಿರ. 60 ದಾಟಿದರೆ ಎರಡೂವರೆ. ಪಟ್ಟಿಯೇನೂ ತಪ್ಪಲ್ಲ. ಆದರೆ ಅದು ಸುಮಾರು 40 ಸೆಂ.ಮೀ. ದೂರದಲ್ಲಿ ಪೇಪರ್ ಹಿಡಿದು ಓದುವವರಿಗೆ ಮಾಡಿದ ಪಟ್ಟಿ. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಕನ್ನಡಕ ಬೇಕಾಗುವುದು ಬೀಡಿ ಕಟ್ಟಲಿಕ್ಕೆ, ಮಲ್ಲಿಗೆ ಕಟ್ಟಲಿಕ್ಕೆ, ಅಕ್ಕಿಯಲ್ಲಿ ಕಲ್ಲು ಆರಿಸಲಿಕ್ಕೆ. ಪೇಪರ್ ಆಮೇಲೆ.

ಅದಕ್ಕೇ ನನ್ನ ಡ್ರಾಯರಿನಲ್ಲಿ ಟೈಲರ್ ಟೇಪ್ ಒಂದು ಇರುತ್ತದೆ.

ಲೆಕ್ಕ ಸುಲಭ. ಕೆಲಸ ಎಷ್ಟು ಸೆಂ.ಮೀ. ದೂರದಲ್ಲಿದೆ ನೋಡಿ, 100ನ್ನು ಅದರಿಂದ ಭಾಗಿಸಿ. 50 ಸೆಂ.ಮೀ.ಗೆ ಎರಡು ಡಯಾಪ್ಟರ್ (ಪವರ್ ಅಳೆಯುವ ಮಾನ) ಬೇಕು, 40ಕ್ಕೆ ಎರಡೂವರೆ, 33ಕ್ಕೆ ಮೂರು. ಅದರಲ್ಲಿ ಕಣ್ಣು ತಾನೇ ಕೊಡುವಷ್ಟನ್ನು ಕಳೆದರೆ ಉಳಿದದ್ದು ಕನ್ನಡಕದ ಪಾಲು. ಕಣ್ಣಿನ ಶಕ್ತಿಯನ್ನೆಲ್ಲ ಹಿಂಡಿ ತೆಗೆಯಬಾರದು. ಅರ್ಧವಾದರೂ ಬಾಕಿ ಇರಬೇಕು, ಇಲ್ಲದಿದ್ದರೆ ಸಂಜೆಗೆ ತಲೆನೋವು ಗ್ಯಾರಂಟಿ.

ಬೀಡಿ ಕಟ್ಟುವ ಒಬ್ಬ ಅಮ್ಮ ಬಂದಿದ್ದರು, ಐವತ್ತೈದರ ಆಸುಪಾಸು. ಜಾತ್ರೆಯಲ್ಲಿ ತೆಗೆದುಕೊಂಡ ಪ್ಲಸ್ ಎರಡೂವರೆಯ ರೆಡಿಮೇಡ್ ಕನ್ನಡಕ ಇತ್ತು. ದೂರು ಕಣ್ಣಿನದ್ದಲ್ಲ, ಕುತ್ತಿಗೆಯದ್ದು. ಬೇರೆ ಕಡೆ ಎಕ್ಸ್‌ರೇ ಆಗಿ, ಮುಲಾಮು ಹಚ್ಚಿ, ಯಾರೋ ಹೇಳಿದರು ಅಂತ ಇಲ್ಲಿಗೆ ಬಂದಿದ್ದರು. ದೂರದ್ದು ನೋಡಿದೆ, ಪವರ್ ಏನೂ ಇಲ್ಲ. ಹತ್ತಿರದ ಚಾರ್ಟ್ ಕೊಟ್ಟರೆ ಎರಡೂಕಾಲರಲ್ಲಿ ಚೆನ್ನಾಗಿ ಓದಿದರು. ಅಲ್ಲಿಗೇ ಬರೆದು ಕೊಡಬಹುದಿತ್ತು. ಬರೆಯದೆ, "ಅಮ್ಮ, ಮನೆಯಲ್ಲಿ ಹೇಗೆ ಕೂತುಕೊಳ್ತೀರಿ, ಒಮ್ಮೆ ತೋರಿಸಿ" ಅಂದೆ. "ಇಲ್ಲಿಯಾ? ಎಂತ ಡಾಕ್ಟ್ರೇ ನೀವು!" ಅಂತ ನಾಚಿಕೊಂಡರು. ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಕೂತರು. ಬೀಡಿ ಎಲೆ ಇಟ್ಟುಕೊಳ್ಳುವ ತಡ್ಪೆ (ಮೊರ) ಇರಲಿಲ್ಲ, ನನ್ನ ರಿಜಿಸ್ಟರನ್ನೇ ಮಡಿಲಲ್ಲಿ ಇಟ್ಟೆ. ಕೈಗೆ ಪೇಪರ್ ತುಂಡು ಕೊಟ್ಟದ್ದೇ ತಡ, ಬೆರಳು ತಾನಾಗಿ ಸುತ್ತತೊಡಗಿತು. ಸುರುಳಿ ಮಾಡಿ, ತುದಿ ಮಡಚಿ, ಇಲ್ಲದ ನೂಲನ್ನು ಎರಡು ಸುತ್ತು ಸುತ್ತಿ ಎಳೆದರು.

ಕಣ್ಣಿನಿಂದ ಕೈಗೆ ಟೇಪ್ ಹಿಡಿದರೆ 50 ಸೆಂ.ಮೀ. ಬಂತು. ಕುತ್ತಿಗೆ ನೋವಿನ ಗುಟ್ಟು ಅಲ್ಲೇ ಇತ್ತು. ದೂರದ ಪವರ್ ಇಲ್ಲದ ಕಣ್ಣಿಗೆ ಪ್ಲಸ್ ಎರಡೂವರೆ ಹಾಕಿದರೆ 40 ಸೆಂ.ಮೀ. ಆಚೆ ಇರುವುದೆಲ್ಲ ಮಂಜು. ತಡ್ಪೆ ಇರುವುದು 50ರಲ್ಲಿ. ಮಿಕ್ಕ ಹತ್ತು ಸೆಂ.ಮೀ.ಯನ್ನು ಇವರು ದಿನವಿಡೀ ಬೆನ್ನು ಬಾಗಿಸಿ ತುಂಬುತ್ತಿದ್ದರು. ಒಂದೂ ಮುಕ್ಕಾಲು ಹಾಕಿದೆ. ಆಗ 57 ಸೆಂ.ಮೀ.ವರೆಗೆ ಸ್ಪಷ್ಟ. ತಲೆ ತಾನಾಗಿ ಹಿಂದೆ ಹೋಗಿ ಗೋಡೆಗೆ ತಾಗಿತು. "ನಂಬರ್ ಕಡಿಮೆ ಮಾಡಿದ್ದಕ್ಕೆ ದುಡ್ಡೂ ಕಡಿಮೆಯಾ?" ಅಂತ ಕೇಳಿದರು, ಅದೊಂದು ಬೇರೆ ಕತೆ.

ಮಲ್ಲಿಗೆ ಕಟ್ಟುವವರದ್ದು ಇದಕ್ಕೆ ಉಲ್ಟಾ. ಶಂಕರಪುರದ ಕಡೆಯವರು ಮೊಗ್ಗು ಪೋಣಿಸುವಾಗ ಕೈಯನ್ನು ಎದೆಯ ಮಟ್ಟಕ್ಕೆ ತರುತ್ತಾರೆ. ಟೇಪಿನಲ್ಲಿ 35ರ ಹತ್ತಿರ ಬರುತ್ತದೆ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಕೊಯ್ದದ್ದು ಹೊತ್ತಿಗೆ ಸರಿಯಾಗಿ ಕಟ್ಟೆಗೆ, ಅಂದರೆ ಹೂವು ಕೊಳ್ಳುವ ಜಾಗಕ್ಕೆ, ಮುಟ್ಟಬೇಕು. ಇವರಿಗೆ ಪಟ್ಟಿಗಿಂತ ಕಾಲೋ ಅರ್ಧವೋ ಜಾಸ್ತಿ ಕೊಡುತ್ತೇನೆ. ಅದಕ್ಕಿಂತ ಮೊದಲು ಕೇಳುವುದು, ಎಲ್ಲಿ ಕೂತು ಕಟ್ಟುತ್ತೀರಿ ಅಂತ. ಮಳೆಗಾಲದಲ್ಲಿ ನಮ್ಮ ಮನೆಗಳ ಒಳಗೆ ಹಗಲೇ ಕತ್ತಲೆ ಅಲ್ವಾ. ಬೆಳಕು ಚೆನ್ನಾಗಿದ್ದರೆ ಕಣ್ಣಪಾಪೆ ಕಿರಿದಾಗುತ್ತದೆ, ಪಾಪೆ ಕಿರಿದಾದರೆ ಮಂಜೂ ಇಳಿಯುತ್ತದೆ. ಪವರ್ ಏರಿಸುವ ಬದಲು ಎಡ ಹೆಗಲ ಮೇಲಿನಿಂದ ಬೀಳುವ ಹಾಗೆ ಒಂದು ಎಲ್‌ಇಡಿ ಬಲ್ಬ್ ಹಾಕಿಸಿ ಅಂತ ಹೇಳಿ ಕಳುಹಿಸಿದ್ದೂ ಇದೆ.

ಮಲ್ಪೆಯ ಮೀನುಗಾರರು ಜಾಸ್ತಿ ಬರುವುದು ಜೂನ್, ಜುಲೈಯಲ್ಲಿ. ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ, ಆಗ ಬಲೆ ರಿಪೇರಿ. ಬಲೆ ನೋಡಲು ಒಂದೂವರೆಯೇ ಸಾಕಾಗುತ್ತದೆ. ಇವರಲ್ಲಿ ನನಗೆ ತಲೆಬಿಸಿ ಕೊಡುವುದು ಬೇರೆಯೇ. ವರ್ಷಗಟ್ಟಲೆ ಬಿಸಿಲು, ಗಾಳಿ, ನೀರಿನ ಹೊಳಪು ತಿಂದ ಕಣ್ಣಲ್ಲಿ ಮೂಗಿನ ಬದಿಯಿಂದ ಕಣ್ಣಿನ ಕಪ್ಪು ಭಾಗದ ಮೇಲೆ ಮಾಂಸ ಬೆಳೆದಿರುತ್ತದೆ. ಅದು ಕಾರ್ನಿಯಾವನ್ನು (ಕಣ್ಣಿನ ಮುಂದಿನ ಪಾರದರ್ಶಕ ಪದರ) ಎಳೆದು ಸಿಲಿಂಡರ್ ಪವರ್, ಅಂದರೆ ಒಂದೊಂದು ದಿಕ್ಕಿಗೆ ಒಂದೊಂದು ಪವರ್, ತರಿಸುತ್ತದೆ. ಅಂಥ ಕಣ್ಣಿಗೆ ಜಾತ್ರೆಯ ಕನ್ನಡಕ ಎಷ್ಟು ಬದಲಾಯಿಸಿದರೂ ಅಕ್ಷರಕ್ಕೆ ನೆರಳು ಹೋಗುವುದಿಲ್ಲ. ದೋಣಿಯಲ್ಲಿ ಹೋಗುವವರಿಗೆ ಬೈಫೋಕಲ್ (ಮೇಲೆ ದೂರದ, ಕೆಳಗೆ ಓದುವ ಪವರ್ ಇರುವ ಕನ್ನಡಕ) ನಾನು ಬರೆಯುವುದೇ ಇಲ್ಲ. ಕೆಳಗೆ ನೋಡಿ ಹೆಜ್ಜೆ ಇಡುವಾಗ ಓದುವ ತುಂಡು ಅಡ್ಡ ಬಂದು ಮೆಟ್ಟಿಲು ತಪ್ಪುತ್ತದೆ. ಹತ್ತಿರದ್ದು ಬೇರೆ ಕನ್ನಡಕ, ಅದಕ್ಕೊಂದು ದಾರ, ಕುತ್ತಿಗೆಗೆ ನೇತಾಡಲಿ. ದೋಣಿಯಲ್ಲಿ ಕಪ್ಪು ಕನ್ನಡಕ ಹಾಕಿ ಅಂದರೆ ಮಾತ್ರ ನಗುತ್ತಾರೆ, ಹೀರೋ ಆಗಬೇಕಾ ಅಂತ.

ನನಗೆ ಇಷ್ಟವಾದ ಕೇಸು ಯಕ್ಷಗಾನದವರದ್ದು. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವ ಕಲಾವಿದರು, ಕೈಯಲ್ಲಿ ಚಿಕ್ಕ ಕನ್ನಡಿ. ಕನ್ನಡಿ 30 ಸೆಂ.ಮೀ. ದೂರದಲ್ಲಿದ್ದರೆ ಅದರೊಳಗಿನ ಮುಖ ಕಣ್ಣಿಗೆ 60 ಸೆಂ.ಮೀ. ದೂರದಲ್ಲಿದ್ದ ಹಾಗೆ. ಹಾಗಾಗಿ ಓದುವ ಕನ್ನಡಕದಲ್ಲಿ ಮುಖ ಮಂಜು. ಕನ್ನಡಕ ಸರಿಯಿದ್ದರೂ ಏನು ಬಂತು, ಅದನ್ನು ಹಾಕಿಕೊಂಡು ರೆಪ್ಪೆಯ ಸುತ್ತ ಗೆರೆ ಎಳೆಯುವುದು ಹೇಗೆ? ಅವರಿಗೆ ನಾನು ಪವರ್ ಬರೆಯಲಿಲ್ಲ. ಮುಖ ದೊಡ್ಡದಾಗಿ ಕಾಣುವ ಶೇವಿಂಗ್ ಕನ್ನಡಿ ತೆಗೆದುಕೊಳ್ಳಿ ಅಂದೆ. ಆ ಗುಳಿ ಕನ್ನಡಿಯಲ್ಲಿ ಮುಖ ದೊಡ್ಡದಾಗುವುದೂ ಹೌದು, ಕಣ್ಣಿಗೆ ಇನ್ನೂ ದೂರದಲ್ಲಿ ನಿಲ್ಲುವುದೂ ಹೌದು. ಹತ್ತಿರದ ಶಕ್ತಿ ಇಲ್ಲದ ಕಣ್ಣಿಗೆ ಅದು ಸುಲಭ.

ನಂಬರೇ ಬರೆಯದೆ ಕಳುಹಿಸುವ ದಿನಗಳೂ ಇವೆ. ಒಂದು, ಶುಗರ್ ಏರಿಳಿತದಲ್ಲಿ ಇರುವವರು. ಶುಗರ್ ಜಾಸ್ತಿಯಾದಾಗ ಮಸೂರದ ಪವರ್ ಬದಲಾಗುತ್ತದೆ. ಇವತ್ತು ಮಾಡಿಸಿದ ಕನ್ನಡಕ ಶುಗರ್ ಇಳಿದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಮೊದಲು ಶುಗರ್ ಸರಿಮಾಡಿ, ಕೆಲವು ವಾರ ಬಿಟ್ಟು ಬನ್ನಿ ಅನ್ನುತ್ತೇನೆ. ಜೊತೆಗೆ ಕಣ್ಣಿಗೆ ಡ್ರಾಪ್ಸ್ ಹಾಕಿಸಿ, ಪಾಪೆ ಅಗಲ ಮಾಡಿಸಿ ಕಣ್ಣಿನ ಹಿಂಭಾಗದ ನರ ತೋರಿಸಿಕೊಳ್ಳಿ, ವರ್ಷಕ್ಕೊಮ್ಮೆಯಾದರೂ. ಆ ದಿನ ಕೆಲವು ಗಂಟೆ ಹತ್ತಿರದ್ದು ಕಾಣುವುದಿಲ್ಲ, ಬೆಳಕು ಚುಚ್ಚುತ್ತದೆ, ಬೈಕ್ ಬಿಟ್ಟುಕೊಂಡು ಬರಬೇಡಿ.

ಇನ್ನೊಂದು, "ಈಗ ಕನ್ನಡಕ ಬೇಡವೇ ಬೇಡ, ಹಾಗೇ ಓದ್ತೇನೆ" ಅಂತ ಖುಷಿಯಲ್ಲಿ ಬರುವ ಅಜ್ಜಂದಿರು. ಪೊರೆ ಗಟ್ಟಿಯಾಗುತ್ತಾ ಹೋದಾಗ ಕಣ್ಣಿಗೆ ಮೈನಸ್ ಪವರ್ ಬರುತ್ತದೆ, ಹತ್ತಿರದ್ದು ಬರಿಗಣ್ಣಿಗೆ ಕಾಣತೊಡಗುತ್ತದೆ. ದೂರದ ಬಸ್ಸಿನ ಬೋರ್ಡ್ ಓದಿ ಅಂದರೆ ಆಗುವುದಿಲ್ಲ. ಖುಷಿ ಕೆಡಿಸುವುದು ಬೇಜಾರು, ಆದರೂ ಡಾಕ್ಟರ ಹತ್ತಿರ ಕಳುಹಿಸಲೇಬೇಕು.

ಮತ್ತೆ ಪ್ರೆಷರ್, ಬಿ.ಪಿ. ಅಲ್ಲ, ಕಣ್ಣೊಳಗಿನದ್ದು. ಹತ್ತಿರದ ಕನ್ನಡಕಕ್ಕೆಂದು ಬಂದವರದ್ದನ್ನು ನಾನು ಬಿಡದೆ ನೋಡುತ್ತೇನೆ. ಸಾಮಾನ್ಯವಾಗಿ 10ರಿಂದ 21ರೊಳಗೆ ಇರುತ್ತದೆ. ಆ ಒಳಗೆ ಇದ್ದರೂ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇಲ್ಲವೆಂದಲ್ಲ, ಅದಕ್ಕೇ ನರವನ್ನೂ ನೋಡಬೇಕು. ಹೆಚ್ಚಿನವರಲ್ಲಿ ನೋವಿಲ್ಲ, ಕೆಂಪಿಲ್ಲ, ಬದಿಯ ನೋಟ ಮಾತ್ರ ಕರಗುತ್ತಾ ಹೋಗುತ್ತದೆ. ಹೋದ ನೋಟ ವಾಪಸ್ ಬರುವುದಿಲ್ಲ. ಕಣ್ಣು ತುರಿಸುತ್ತದೆ ಅಂತ ಮೆಡಿಕಲ್ಲಿನಿಂದ ಸ್ಟಿರಾಯ್ಡ್ ಡ್ರಾಪ್ಸ್ ತಂದು ತಿಂಗಳುಗಟ್ಟಲೆ ಬಿಟ್ಟವರಲ್ಲಿ ಪ್ರೆಷರ್ ಏರಿದ್ದನ್ನು ನೋಡಿದ್ದೇನೆ. ಬಾಟಲಿಯನ್ನೂ ತನ್ನಿ ಅಂತ ಕೇಳುವುದು ಅದಕ್ಕೇ.

ರೆಡಿಮೇಡ್ ಕನ್ನಡಕವೇ ಕೆಟ್ಟದ್ದು ಅನ್ನುವವನಲ್ಲ ನಾನು. ಎರಡೂ ಕಣ್ಣು ಸಮ ಇದ್ದು, ಸಿಲಿಂಡರ್ ಇಲ್ಲದಿದ್ದರೆ, ತಪಾಸಣೆ ಆದ ಮೇಲೆ ಸರಿಯಾದ ಪವರಿನದ್ದು ತೆಗೆದುಕೊಂಡರೆ ಧಾರಾಳ ಸಾಕು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೆಲಸದವರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಬಂತು. ಕನ್ನಡಕ ಸಿಕ್ಕವರು ಎಲೆ ಕೊಯ್ದದ್ದು ಸಿಗದವರಿಗಿಂತ ಸುಮಾರು ಶೇ. 22 ಜಾಸ್ತಿ. ಬೀಡಿಯನ್ನು ಸಾವಿರದ ಲೆಕ್ಕದಲ್ಲಿ ಕಂಪೆನಿಯ ಬ್ರಾಂಚಿಗೆ ಕೊಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡಕ ತೆಗೆದುಕೊಂಡು ಹೋಗಲು ಬರುವಾಗ ಕೆಲಸದ ಸಾಮಾನು ತನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ಬೀಡಿ ಎಲೆ, ಬಾಳೆ ನಾರು, ಸೂಜಿ, ಏನಾದರೂ. ಕೌಂಟರಿನಲ್ಲಿ ನಿಂತು ಕಾರ್ಡ್ ಓದಿ ಆಯ್ತು ಅನ್ನಬೇಡಿ. ಕೂತು, ಮನೆಯಲ್ಲಿ ಇರುವ ಹಾಗೇ ಕೂತು, ಸ್ವಲ್ಪ ಹೊತ್ತು ಕೆಲಸ ಮಾಡಿ ನೋಡಿ. ತಲೆ ಮುಂದಕ್ಕೆ ಹೋದರೆ ಪವರ್ ಜಾಸ್ತಿ, ಕೈ ದೂರ ಹೋದರೆ ಕಡಿಮೆ. ಎರಡೂ ಆಗದೆ ತಲೆಸುತ್ತು ಬಂದರೆ ಗಾಜಿನ ನಡುಬಿಂದು ನಿಮ್ಮ ಪಾಪೆಗೆ ಸರಿಯಾಗಿ ಕೂತಿದೆಯಾ ಅಂತ ಅಳೆಸಿ. ಕಾಲು ಪವರ್ ಆಚೀಚೆ ಮಾಡುವುದು ನನಗೆ ಐದು ನಿಮಿಷದ ಕೆಲಸ.