ತಟ್ಟೆ ನಿಲ್ಲೋವರೆಗೂ ಕಛೇರಿ

ಊಟದ ತಟ್ಟೆ ಕೈಜಾರಿ ಬಿದ್ದರೆ ಮೊದಲು ಢಣ್ ಅನ್ನುತ್ತೆ. ಆಮೇಲೆ ವಾಲಾಡುತ್ತಾ ವಾಲಾಡುತ್ತಾ ಬಡಿತ ಚುರುಕಾಗಿ, ಕೊನೆಗೆ ಗರ್ರೆಂದು ಒಮ್ಮೆಗೇ ಗಪ್. ಅದು ಮುಗಿಯೋ ಮೊದಲೇ ಮನೆಯಲ್ಲಿ ಯಾರಾದರೂ ಕಾಲಿಟ್ಟು ನಿಲ್ಲಿಸಿರುತ್ತಾರೆ. ನಾನು ಅದನ್ನು ಪೂರ್ತಿ ಕೇಳಿಸುವ ಸಂಗೀತ ಮಾಡುತ್ತಿದ್ದೇನೆ.

ಧೈರ್ಯ ಕೊಟ್ಟಿದ್ದು ಅಮೆರಿಕದ ಸಂಗೀತ ರಚನಕಾರ ಸ್ಟೀವ್ ರೈಶ್ ಅವರ 1968ರ 'ಪೆಂಡುಲಮ್ ಮ್ಯೂಸಿಕ್'. ಸ್ಪೀಕರುಗಳ ಮೇಲೆ ಮೈಕುಗಳನ್ನು ತೂಗಾಡಲು ಬಿಡುತ್ತಾರೆ. ಹಾದುಹೋದಾಗಲೆಲ್ಲ ಅವು ಕುಂಯ್ ಅನ್ನುತ್ತವೆ, ನಿಂತ ಮೇಲೆ ಒಂದೇ ಸಮ ಕೂಗುತ್ತವೆ, ಆಗ ವಾದಕರು ವೈರು ಕಿತ್ತು ಮುಗಿಸುತ್ತಾರೆ. ಶುರು ಮಾಡಿಕೊಡುವುದಷ್ಟೇ ಕಲಾವಿದರ ಪಾಲು, ಲಯವೆಲ್ಲ ಗುರುತ್ವದ್ದು.

ತಿರುಗುವ ತಟ್ಟೆಗೆ ವೈರು ಕಟ್ಟೋಕಾಗಲ್ಲವಲ್ಲ. ಹಾಗಾಗಿ ಊಟದ ಮಣೆಯ ಅಡಿಗೆ, ಅದುರನ್ನು ವಿದ್ಯುತ್ ಸಂಕೇತವಾಗಿಸುವ ಪೀಜೋ ಬಿಲ್ಲೆ ಅಂಟಿಸಿ, ಮೇಲೆ ಪಾತ್ರೆಯ ಮುಚ್ಚಳ ತಿರುಗಿಸುತ್ತೇನೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲು ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಬಿಲ್ಲೆ ಸಿಗುತ್ತೆ. ಬಜರ್‌ನೊಳಗೆ ಇರೋದೂ ಅದೇ ಹಿತ್ತಾಳೆ ಬಿಲ್ಲೆ. ನಡುವಿನ ಬಿಳಿ ಭಾಗಕ್ಕೆ ಬೆಸುಗೆ ಹಾಕುವಾಗ ಕಾವು ಮುಟ್ಟಿಸಿ ತಕ್ಷಣ ತೆಗೆಯಬೇಕು, ಇಲ್ಲವಾದರೆ ಪದರವೇ ಎದ್ದು ಬರುತ್ತೆ. ಮಾಮೂಲಿ ಮೈಕ್ ಇನ್‌ಪುಟ್‌ಗೆ ಚುಚ್ಚಿದರೆ ತಗ್ಗಿನ ನಾದವೆಲ್ಲ ಸೋರಿಹೋಗಿ ತಗಡಿನ ಸದ್ದಷ್ಟೇ ಉಳಿಯುತ್ತೆ. 1 ಮೆಗಾಓಮ್ ಆಸುಪಾಸಿನ ವಿದ್ಯುತ್ ತಡೆ (ಇಂಪೀಡೆನ್ಸ್) ಇರುವ ಗಿಟಾರ್ ಇನ್‌ಪುಟ್ ಬೇಕು. ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಸೇರದಿರಲು ಶೀಲ್ಡ್ ಇರುವ ವೈರೇ ಆಗಬೇಕು. ಇದರ ದೊಡ್ಡ ಉಪಕಾರವೆಂದರೆ, ಪೀಜೋ ಗಾಳಿಯ ಸದ್ದಿಗೆ ಅಷ್ಟಾಗಿ ಕಿವಿಗೊಡುವುದಿಲ್ಲ, ಮರದ ಅದುರನ್ನೇ ಹಿಡಿಯುತ್ತೆ. ಬೆಂಗಳೂರಲ್ಲಿ ಹಾರ್ನ್ ಇಲ್ಲದ ರೆಕಾರ್ಡಿಂಗ್ ಬೇರೆ ಹೇಗೆ ಸಾಧ್ಯ?

ಚಾಮರಾಜಪೇಟೆಯ ಪರಿಚಿತರೊಬ್ಬರ ನಡುಮನೆಯಲ್ಲಿ ಎರಡು ಮಣೆ, ಎರಡು ಮುಚ್ಚಳ ಇಟ್ಟು ನುಡಿಸಿದೆ. ಒಂದು ಎಡ ಸ್ಪೀಕರಿಗೆ, ಇನ್ನೊಂದು ಬಲಕ್ಕೆ. ಎರಡನ್ನೂ ಒಟ್ಟಿಗೆ ಬಿಟ್ಟರೂ ಬಡಿತ ಕೂಡುತ್ತೆ, ಜಾರುತ್ತೆ, ಮತ್ತೆ ಎಲ್ಲೋ ಕೂಡಿದಂತಾಗುತ್ತೆ. ರಾಮನವಮಿ ಕಛೇರಿಗಳನ್ನು ತಪ್ಪಿಸದ ಹಿರಿಯರೊಬ್ಬರು ತೊಡೆ ತಟ್ಟಿ ಎಣಿಸಲು ನೋಡಿ, "ತಾಳ ಯಾವುದಪ್ಪ ಇದು?" ಅಂದರು.

"ತಾಳ ಇಲ್ಲ ಸರ್, ಬರೀ ಕಾಲ," ಅಂದೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಕಾಲ ಅಂದರೆ ವೇಗ; ಮೊದಲ ಕಾಲದಿಂದ ಎರಡಕ್ಕೆ ನೆಗೆಯುತ್ತೇವೆ, ವೇಗ ದುಪ್ಪಟ್ಟು; ತಟ್ಟೆ ನೆಗೆಯಲ್ಲ, ನಡುವಿನ ಎಲ್ಲ ವೇಗಗಳನ್ನೂ ಸವರಿಕೊಂಡೇ ಹೋಗುತ್ತೆ. ವಾಲುವ ಕೋನ ಕಿರಿದಾದಷ್ಟೂ ಅಂಚು ನೆಲ ಮುಟ್ಟುವ ಬಿಂದು ಬೇಗ ಬೇಗ ಸುತ್ತುತ್ತೆ, ಅದಕ್ಕೇ ಶಕ್ತಿ ಕುಂದಿದ ಹಾಗೆಲ್ಲ ಬಡಿತ ಏರೋದು.

ಅವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಹಿತ್ತಾಳೆ ಮುಚ್ಚಳ ತಾ ನೋಡೋಣ, ಸ್ಟೀಲು ತುಂಬಾ ಕಿರುಚುತ್ತೆ," ಅಂದರು. ಈಗ ಅವೆನ್ಯೂ ರಸ್ತೆ ಕಡೆಯ ಪಾತ್ರೆ ಅಂಗಡಿಗಳಲ್ಲಿ ಒಂದೊಂದನ್ನೇ ತಿರುಗಿಸಿ ಕೇಳುತ್ತಿದ್ದೇನೆ, ಅಂಗಡಿಯವರು ಸಹಿಸುವಷ್ಟು ಹೊತ್ತು.